ಬಿಲ್ ಕೋಳಿಗೆ, ಸೌಟಿಗಲ್ಲ

ಎಂಟು ಪ್ಯಾಕ್ಸ್ (ಅಂದರೆ ಎಂಟು ಜನ), ಆರು ರಾತ್ರಿ, ಎಪಿ ಪ್ಲ್ಯಾನ್ (ಮೂರು ಹೊತ್ತಿನ ಊಟ ಸೇರಿ), ಡಿಸೆಂಬರ್ ಕೊನೇ ವಾರ, ನಾಗರಹೊಳೆ. ಭಟ್ಕಳದ ಕುಟುಂಬ, ಅವರಲ್ಲಿ ಇಬ್ಬರು ದುಬೈಯಿಂದ ರಜೆಗೆ ಬಂದವರು. ಕೇಳಿದ್ದು ಎರಡೇ: ಓಡಾಟ ಕಮ್ಮಿ ಇರಲಿ, ಊಟ ಹಲಾಲ್ ಇರಲಿ. ನಮ್ಮ ಟೂರ್ ಕಂಪನಿಯ ವೋಚರಿನ ಸ್ಪೆಷಲ್ ರಿಕ್ವೆಸ್ಟ್ ಕಾಲಂನಲ್ಲಿ ವೆಜ್, ನಾನ್‌ವೆಜ್, ಜೈನ್, ಹಲಾಲ್ ಅಂತ ನಾಲ್ಕು ಚೌಕ ಇವೆ. ನಾಲ್ಕನೆಯದಕ್ಕೆ ಟಿಕ್ ಹಾಕಿ, ಕುಟ್ಟದ ಕಡೆಯ ರೆಸಾರ್ಟಿಗೆ ಫೋನ್ ಮಾಡಿ ರೀಕನ್ಫರ್ಮ್ ತಗೊಂಡು ಫೈಲ್ ಮುಚ್ಚಿದೆ. "ಕೋಳಿ, ಕುರಿ ಎರಡೂ ವಿರಾಜಪೇಟೆಯ ಮುಸ್ಲಿಂ ಅಂಗಡಿಯಿಂದಲೇ ಬರೋದು ಸಾರ್" ಅಂದರು. ಅದು ಸುಳ್ಳಾಗಿರಲಿಲ್ಲ.

ಎರಡನೇ ರಾತ್ರಿ ಎಂಟೂ ಹತ್ತಕ್ಕೆ ಫೋನ್ ಬಂತು. ಬಫೆಯಲ್ಲಿ ಇನ್ನೊಂದು ಗುಂಪಿಗೆ ಅಂತ ಪಂದಿ ಕರಿ (ಕೊಡಗಿನ ಹಂದಿ ಮಾಂಸದ ಅಡುಗೆ) ಇಟ್ಟಿದ್ದಾರೆ, ಅದರಾಚೆ ಎರಡು ಪಾತ್ರೆ ಬಿಟ್ಟು ಇವರ ಚಿಕನ್. ಬಡಿಸುವ ಹುಡುಗ ಪಂದಿ ಕರಿಯ ಸೌಟನ್ನೇ ಎತ್ತಿ ಚಿಕನ್ ತಿರುವಿದ್ದನ್ನು ಮನೆಯ ಹಿರಿಯ ಹೆಂಗಸು ನೋಡಿದ್ದಾರೆ. ನಾನು ಅಂದದ್ದು: "ಅಮ್ಮಾ, ಮಾಂಸ ಹಲಾಲೇ. ಬೇಕಾದ್ರೆ ಅಂಗಡಿ ಬಿಲ್ ಈಗಲೇ ಕಳಿಸ್ತೀನಿ." ಅವರು ದನಿ ಏರಿಸಲಿಲ್ಲ. "ಬಿಲ್ ಕೋಳಿಗೆ, ಸೌಟಿಗಲ್ಲ" ಅಂದರು. ಅಷ್ಟರಲ್ಲಿ ಲೈನ್ ಕಟ್ಟಾಯಿತು.

ಮತ್ತೆ ಲೈನ್ ಸಿಗುವವರೆಗಿನ ಹನ್ನೊಂದು ನಿಮಿಷ ನಾನು ಮಾಡಿದ್ದೇನು ಅಂದರೆ, ವಾಟ್ಸ್‌ಆ್ಯಪಿನಲ್ಲಿ ಆ ಬಿಲ್ಲಿನ ಫೋಟೋ ಹುಡುಕಿದ್ದು. ಮಾಡಬೇಕಿದ್ದದ್ದು ಲ್ಯಾಂಡ್‌ಲೈನಿಗೆ ಹಾಕಿ ಅಡುಗೆಯವರನ್ನು ಹಿಡಿಯುವುದು. ಕೊನೆಗೆ ಹಿಡಿದಾಗ ಇನ್ನೊಂದು ಗೊತ್ತಾಯಿತು: ಹಪ್ಪಳ, ಪೂರಿ, ಮಕ್ಕಳ ಆಲೂ ಫ್ರೈ ಎಲ್ಲಾ ಕರಿದದ್ದು ಸಂಜೆ ಪಂದಿ ಫ್ರೈ ಮಾಡಿದ ಬಾಣಲೆಯಲ್ಲಿ, ಅದೇ ಎಣ್ಣೆಯಲ್ಲಿ. ಆ ರಾತ್ರಿ ಎಂಟು ಜನ ಉಂಡದ್ದು ಅನ್ನ, ಪ್ಯಾಕೆಟ್ ಮೊಸರು, ಬಾಳೆಹಣ್ಣು, ಅವರೇ ತಂದಿದ್ದ ಖರ್ಜೂರ. ತಲೆಗೆ ಇಷ್ಟು ಅಂತ ಎಪಿ ಪ್ಲ್ಯಾನಿಗೆ ಕಟ್ಟಿಸಿಕೊಂಡ ಮೇಲೆ.

ಕೊಡಗಿನ ಕಡೆ ಅಡುಗೆಮನೆ ಅಂದಮೇಲೆ ಹಂದಿ ಇದ್ದೇ ಇರುತ್ತದೆ, ಅದು ಆ ಊರಿನ ಊಟ, ಅದನ್ನು ತಪ್ಪು ಅನ್ನುವ ಹಾಗಿಲ್ಲ. ಆದ್ದರಿಂದ ವಿಚಾರಿಸಬೇಕಾದ್ದು ಮಾಂಸ ಎಲ್ಲಿಂದ ಬಂತು ಅಂತಷ್ಟೇ ಅಲ್ಲ. ಯಾವ ಹಲಗೆಯ ಮೇಲೆ ಕತ್ತರಿಸಿದರು, ಯಾವ ಚಾಕು, ಕರಿಯುವ ಎಣ್ಣೆ ಯಾವುದು, ಫ್ರೀಜರಿನಲ್ಲಿ ಯಾವುದರ ಕೆಳಗೆ ಇಟ್ಟಿದ್ದಾರೆ, ಬಾರ್ಬೆಕ್ಯೂ ಜಾಲರಿ ಒಂದೋ ಎರಡೋ. ಫೋನಿನಲ್ಲಿ "ಹಲಾಲ್ ಇದೆಯಾ" ಅಂದರೆ ಎಲ್ಲರೂ ಇದೆ ಅನ್ನುತ್ತಾರೆ. ಈಗ ನಾನು ಕೇಳುವುದೇ ಬೇರೆ: "ನಿಮ್ಮಲ್ಲಿ ಜೈನ್ ತವಾ ಇದೆ ಅಲ್ವಾ?" ಗುಜರಾತಿ ಗುಂಪು ಬಂದು ಬಂದು ಎಲ್ಲಾ ರೆಸಾರ್ಟಿನಲ್ಲೂ ಅದು, ಅಂದರೆ ಜೈನರ ಅಡುಗೆಗೆ ಅಂತಲೇ ಬೇರೆ ಇಟ್ಟ ತವಾ, ಇದೆ. "ಹಾಗೇ ಇದಕ್ಕೂ ಒಂದು ಸೆಟ್ ಬೇರೆ" ಅಂದರೆ ಎಂಥ ಅಡುಗೆಯವರಿಗೂ ತಲೆಗೆ ಹೋಗುತ್ತದೆ. ಅರ್ಧ ಗಂಟೆ ಶಾಸ್ತ್ರ ವಿವರಿಸಿದರೂ ಹೋಗದ್ದು ಈ ಒಂದು ಮಾತಿಗೆ ಹೋಗುತ್ತದೆ.

ಸೆಟ್ ಅಂದರೆ ಐದು ಲೀಟರಿನ ಬಾಣಲೆ ಒಂದು, ತವಾ ಒಂದು, ಅನ್ನ-ಸಾರಿಗೆ ಪಾತ್ರೆ ಎರಡು, ಸೌಟು ಮೂರು, ಚಾಕು, ಹಲಗೆ, ಒಡೆಯದ ಎಣ್ಣೆ ಪ್ಯಾಕೆಟ್ ದಿನಕ್ಕೆ ಒಂದು ಲೀಟರ್. ಹಿಡಿಗಳಿಗೆ ಹಸಿರು ಟೇಪ್ ಸುತ್ತಿಸುವುದು, ಪಾತ್ರೆ ತೊಳೆಯುವ ಹುಡುಗನಿಗೂ ಗೊತ್ತಾಗಲಿ ಅಂತ. ಬಫೆಗೆ ಹಾಕಿಸಲೇಬಾರದು, ಅಡುಗೆಮನೆಯಿಂದ ನೇರ ಟೇಬಲಿಗೆ. ಬಫೆಯಲ್ಲಿ ಬೇರೆ ಗೆಸ್ಟುಗಳೂ ಸೌಟು ಅದಲುಬದಲು ಮಾಡುತ್ತಾರೆ, ಅವರನ್ನು ಕಾಯಲು ಆಗುವುದಿಲ್ಲ.

ಎಂಟು ಜನಕ್ಕೆ, ಅದರಲ್ಲಿ ಇಬ್ಬರು ಮಕ್ಕಳು ಅಂದರೆ, ಹೊತ್ತಿಗೆ ಮೂಳೆ ಸಮೇತ ಒಂದೂವರೆ ಕೆಜಿ ಮಾಂಸ ಸಾಕು. ವಿರಾಜಪೇಟೆ ಅಥವಾ ಗೋಣಿಕೊಪ್ಪದಲ್ಲಿ ಕಟ್ಟಿಸಿ, ಒಂದೂವರೆ ಕೆಜಿಯ ಚಪ್ಪಟೆ ಪೊಟ್ಟಣ ಮಾಡಿ, ದಿನದ ಹೆಸರು ಬರೆದು, ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಐಸ್ ಹಾಕಿ ಒಯ್ಯಬೇಕು. ಚಪ್ಪಟೆ ಯಾಕೆ ಅಂದರೆ ಮುದ್ದೆ ಮಾಡಿ ಹೆಪ್ಪುಗಟ್ಟಿಸಿದ್ದು ಬೆಳಿಗ್ಗೆ ತೆಗೆದಿಟ್ಟರೂ ಸಂಜೆಗೆ ಒಳಗೆ ಕಲ್ಲಾಗಿಯೇ ಇರುತ್ತದೆ, ಆಗ ಅಡುಗೆಯವರು ಅದನ್ನು ಸಿಂಕಿನಲ್ಲಿ ಹಾಕಿ ನಲ್ಲಿ ಬಿಡುತ್ತಾರೆ. ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳ ಅರೆಗೆ ಇಳಿಸಬೇಕು. ಫ್ರೀಜರ್ ಜನರೇಟರ್ ಲೈನಿನಲ್ಲಿ ಇದೆಯಾ ಅಂತಲೂ ವಿಚಾರಿಸಿ. ಕೆಲವು ಕಡೆ ಲೈಟು ಮಾತ್ರ ಜನರೇಟರಿಗೆ ಇರುತ್ತದೆ. ಕರಾವಳಿಯವರಾದರೆ ದಿನಕ್ಕೊಂದು ಹೊತ್ತು ಮೀನು ಹಾಕಿಬಿಡಿ. ಮೀನಿಗೆ ಜಬೀಹದ (ಹಲಾಲ್ ಕ್ರಮದಲ್ಲಿ ಕೊಯ್ಯುವ) ಪ್ರಶ್ನೆಯೇ ಇಲ್ಲ, ಹಸಿರು ಟೇಪಿನ ತವಾ ಇದ್ದರೆ ಮುಗೀತು.

ಡಿಸೆಂಬರಿನ ಬಲೆಗಳೇ ಬೇರೆ. ಬರುತ್ತಿದ್ದಂತೆ ಕೈಗೆ ಕೊಡುವ ಹೋಂಮೇಡ್ ವೈನು, ರಮ್ಮಿನಲ್ಲಿ ನೆನೆಸಿದ ಒಣಹಣ್ಣಿನ ಪ್ಲಮ್ ಕೇಕು, ಕ್ಯಾಂಪ್‌ಫೈರ್‌ನಲ್ಲಿ ಮಕ್ಕಳಿಗೆ ಕೊಡುವ ಮಾರ್ಷ್‌ಮ್ಯಾಲೊ. ಈ ಮೂರನೆಯದರಲ್ಲಿ ಪ್ರಾಣಿಗಳ ಚರ್ಮ-ಮೂಳೆಯಿಂದ, ಎಷ್ಟೋ ಸಲ ಹಂದಿಯದರಿಂದ, ತೆಗೆದ ಜೆಲಟಿನ್ ಇರುತ್ತದೆ ಅಂತ ರೆಸಾರ್ಟಿನವರಿಗೆ ಹೊಳೆಯುವುದೇ ಇಲ್ಲ. ಸೂಪಿಗೆ ಹಾಕುವ ಚಿಕನ್ ಕ್ಯೂಬ್‌ನ ಕೋಳಿ ಹಲಾಲೋ ಅಲ್ಲವೋ ಅಂತಲೂ ಹೊಳೆಯುವುದಿಲ್ಲ. ಕಾಚಂಪುಳಿಗೆ ಹೆದರಬೇಕಿಲ್ಲ, ಅದು ಹಣ್ಣಿನ ರಸ ಕಾಯಿಸಿದ ಹುಳಿ.

ಊಟದ ಗಲಾಟೆ ಎದ್ದು ಕಾಣುತ್ತದೆ. ನಮಾಜಿನ ಗಡಿಯಾರದ್ದು ಕಾಣುವುದಿಲ್ಲ, ಅದೇ ಹೆಚ್ಚು ಕಾಡುವುದು. ಡಿಸೆಂಬರ್ ಕೊನೆಗೆ ಈ ಭಾಗದಲ್ಲಿ ಝುಹರ್ (ಮಧ್ಯಾಹ್ನದ ನಮಾಜ್) ಹನ್ನೆರಡೂವರೆಗೆ ಸ್ವಲ್ಪ ಮೊದಲು ಶುರುವಾಗುತ್ತದೆ. ಅಸರ್ (ಅದರ ನಂತರದ, ಇಳಿಹೊತ್ತಿನ ನಮಾಜ್) ಶಾಫಿಗಳಿಗೆ 3.43ರ ಹೊತ್ತಿಗೆ, ಹನಫಿಗಳಿಗೆ 4.32ರ ಹೊತ್ತಿಗೆ; ಇವು ಸುನ್ನಿಗಳ ಎರಡು ಶಾಸ್ತ್ರಪದ್ಧತಿ. ಸೂರ್ಯ ಮುಳುಗುವುದು 6.09ರ ಆಸುಪಾಸು, ಅಲ್ಲಿಗೆ ಅಸರ್ ಹೊತ್ತು ಮುಗೀತು. ಮಧ್ಯಾಹ್ನದ ಸಫಾರಿ ಮೂರಕ್ಕೆ ಗೇಟು ದಾಟಿ ಆರಕ್ಕೆ ಬಂತು ಅಂತಿಟ್ಟುಕೊಳ್ಳಿ, ಅಸರ್‌ನ ಹೊತ್ತು ಹೆಚ್ಚುಕಮ್ಮಿ ಪೂರ್ತಿ ಜೀಪಿನಲ್ಲೇ ಕಳೆಯುತ್ತದೆ. ಕಾಡಿನೊಳಗೆ ಗಾಡಿ ಇಳಿಯುವ ಹಾಗಿಲ್ಲ. ಈ ಕುಟುಂಬದ ಜೀಪಿಗೆ ಆನೆ ಅಡ್ಡ ನಿಂತು ಗೇಟಿಗೆ ಬರುವಾಗ 6.02. ಯಜಮಾನರು ಫ್ಲಾಸ್ಕಿನ ನೀರಲ್ಲಿ ವುಜು (ನಮಾಜಿಗೆ ಮುಂಚೆ ಕೈಕಾಲು-ಮುಖ ತೊಳೆಯುವುದು) ಮಾಡಿ, ಚೆಕ್‌ಪೋಸ್ಟ್ ಗೋಡೆಯ ಪಕ್ಕ ಟವೆಲ್ ಹಾಸಿದ್ದಾರೆ. ಕೈಯಲ್ಲಿ ಇದ್ದದ್ದು ಏಳು ನಿಮಿಷ.

ಇಲ್ಲೂ ತಪ್ಪು ನನ್ನದೇ. ಭಟ್ಕಳದ ನವಾಯತರು, ಮಂಗಳೂರು ಕಡೆಯ ಬ್ಯಾರಿಗಳು ಶಾಫಿಗಳು. ಪ್ರಯಾಣಿಕರಾದರೆ ಝುಹರ್-ಅಸರ್ ಎರಡನ್ನೂ ಸೇರಿಸಿ ಮಧ್ಯಾಹ್ನವೇ ಮುಗಿಸಬಹುದು. ಆದರೆ ಬಂದ ದಿನ, ಹೋಗುವ ದಿನ ಬಿಟ್ಟು ಒಂದೇ ಊರಲ್ಲಿ ನಾಲ್ಕು ದಿನ ಇರುವ ಲೆಕ್ಕ ಇದ್ದರೆ ಅವರು ಪ್ರಯಾಣಿಕರಲ್ಲ. "ಆರಾಮಾಗಿರಲಿ, ಪ್ಯಾಕಿಂಗ್ ಬೇಡ" ಅಂತ ನಾನು ಆರೂ ರಾತ್ರಿ ಒಂದೇ ಕಡೆ ಹಾಕಿ, ಆ ಸವಲತ್ತೇ ಇಲ್ಲದ ಹಾಗೆ ಮಾಡಿದ್ದೆ. ಬೆಂಗಳೂರು, ಕಲಬುರಗಿ ಕಡೆಯವರು ಬಹುಪಾಲು ಹನಫಿಗಳು. ಅವರಲ್ಲಿ ಹದಿನೈದು ದಿನಕ್ಕಿಂತ ಕಮ್ಮಿ ಇದ್ದರೆ ಪ್ರಯಾಣಿಕರೇ, ನಮಾಜಿನ ನಾಲ್ಕು ರಕಾತ್ (ಆವರ್ತನೆ) ಎರಡಾಗುತ್ತದೆ, ಆದರೆ ಸೇರಿಸಿ ಮಾಡುವ ಹಾಗಿಲ್ಲ. ಅಂಥವರಿಗೆ ಡಿಸೆಂಬರಿನಲ್ಲಿ ಬೆಳಗಿನ ಸಫಾರಿಯೇ ಸರಿ: ಫಜ್ರ್ (ನಸುಕಿನ ನಮಾಜ್) ಐದೂವರೆಗೆ, ಸೂರ್ಯೋದಯ 6.43ಕ್ಕೆ, ರೂಮಲ್ಲೇ ನಮಾಜ್ ಮುಗಿಸಿ ಗೇಟಿಗೆ ಹೋಗಬಹುದು. ಯಾವುದು ಸರಿ ಅಂತ ಹೇಳುವುದು ನಮ್ಮ ಕೆಲಸವಲ್ಲ. "ಅಸರ್ ಎಷ್ಟೊತ್ತಿಗೆ ಮಾಡ್ತೀರಿ, ಸೇರಿಸಿ ಮಾಡ್ತೀರಾ?" ಅಂತ ಬುಕಿಂಗ್ ದಿನವೇ ಕೇಳುವುದು ನಮ್ಮ ಕೆಲಸ.

ಈಗ ನಾನು ಹಾಕುವ ಪ್ಲ್ಯಾನ್ ಹೀಗೆ. ಮಂಗಳವಾರ ಕುಟ್ಟಕ್ಕೆ ಚೆಕಿನ್, ಮೂರು ರಾತ್ರಿ, ನಾಣಚ್ಚಿ ಗೇಟಿನಿಂದ ಒಂದು ಬೆಳಗಿನ ಸಫಾರಿ, ಒಂದು ದಿನ ಇರ್ಪು ಜಲಪಾತ. ಶುಕ್ರವಾರ ಕಬಿನಿಗೆ ಶಿಫ್ಟ್. ಹತ್ತೂವರೆಗೆ ಹೊರಟು ತೋಲ್ಪೆಟ್ಟಿ, ಕಾಟಿಕುಳಂ ದಾಟಿ ಹನ್ನೆರಡಕ್ಕೆ ಮಾನಂದವಾಡಿ. ಜುಮಾ (ಶುಕ್ರವಾರದ ಸಾಮೂಹಿಕ ನಮಾಜ್) ಅಲ್ಲಿ, ಊಟವೂ ಅಲ್ಲೇ; ಮಲಬಾರ್ ಬಿರಿಯಾನಿಗೆ ಯಾರಿಗೂ ಫೋನ್ ಮಾಡಿ ವಿಚಾರಿಸಬೇಕಿಲ್ಲ. ಮೂರರೊಳಗೆ ಕೇರಳ-ಕರ್ನಾಟಕ ಗಡಿಯ ಬಾವಲಿ ಚೆಕ್‌ಪೋಸ್ಟ್. ಬಾವಲಿಯಿಂದ ಕಾಡಿನ ರಸ್ತೆ ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಬಂದ್, ಊಟಕ್ಕೆ ಅಂತ ಕೂತು ಹರಟಿದರೆ ರಾತ್ರಿ ವಯನಾಡಿನಲ್ಲೇ. ಹಳದಿ ಬೋರ್ಡಿನ ಗಾಡಿಗೆ ಕೇರಳ ಟ್ಯಾಕ್ಸ್ ವಿಷಯ ಹಿಂದಿನ ದಿನವೇ ಡ್ರೈವರ್ ಹತ್ತಿರ ಖಚಿತ ಮಾಡಿಕೊಳ್ಳಿ. ಕಾರಾಪುರದ ಕಡೆ ಮೂರು ರಾತ್ರಿ, ಒಂದು ದೋಣಿ ಸಫಾರಿ, ಸೋಮವಾರ ಮೈಸೂರು. ವಾರಕ್ಕೆ ಒಂದು ಜೀಪು, ಒಂದು ದೋಣಿ. ಅದಕ್ಕಿಂತ ಹೆಚ್ಚು ತುರುಕಿದರೆ ಆರಾಮು ಅನ್ನುವ ಪದ ತೆಗೆದುಬಿಡಿ.

ಸಫಾರಿಯನ್ನೇ ನಂಬಿ ವಾರ ಕಟ್ಟಲೂಬಾರದು. ಹುಲಿ ದಾಳಿಯಲ್ಲಿ ಜನ ಸತ್ತಾಗ 2025ರ ನವೆಂಬರಿನಲ್ಲಿ ನಾಗರಹೊಳೆ, ಬಂಡೀಪುರ ಎರಡರಲ್ಲೂ ನಿಲ್ಲಿಸಿಬಿಟ್ಟಿದ್ದರು, ಹೊರಡುವ ಮುಂಚೆ ವಿಚಾರಿಸಿಕೊಳ್ಳಿ.

ಚಿಕ್ಕಪುಟ್ಟವು ಇನ್ನೂ ಇವೆ. ಕಿಬ್ಲಾ (ನಮಾಜಿಗೆ ಮುಖ ಮಾಡುವ ಮೆಕ್ಕಾದ ದಿಕ್ಕು) ಇಲ್ಲಿಂದ ಸುಮಾರು 290 ಡಿಗ್ರಿ, ಅಂದರೆ ನೇರ ಪಡುವಣದಿಂದ ಇಪ್ಪತ್ತು ಡಿಗ್ರಿ ಬಡಗಣಕ್ಕೆ. ಫೋನಿನ ಕಂಪಾಸನ್ನು ಕಬ್ಬಿಣದ ಮಂಚದ ಮೇಲೆ, ಜೀಪಿನ ಬಾನೆಟ್ ಮೇಲೆ ಇಟ್ಟರೆ ತಪ್ಪು ತೋರಿಸುತ್ತದೆ. ಹೊರಗೆ ನಿಂತು ನೋಡಿ, ಆಮೇಲೆ ರೂಮಿನ ಗೋಡೆಗೆ ಬಾಣದ ಗುರುತು ಅಂಟಿಸಿಸಿ. ನಮಾಜ್ ವೇಳಾಪಟ್ಟಿ ಕಾಗದದಲ್ಲಿ ಕೊಡಿ, ನೆಟ್ ನಂಬಬೇಡಿ. ಬಾತ್‌ರೂಮಿನಲ್ಲಿ ಹೆಲ್ತ್ ಫಾಸೆಟ್ ಇದೆಯಾ ಅಂತ ಫೋಟೋ ತರಿಸಿ. ಟಾಯ್ಲೆಟ್ ಪೇಪರ್ ಮಾತ್ರ ಇಟ್ಟು ವಿದೇಶಿ ಸ್ಟೈಲ್ ಅನ್ನುವ ರೂಮುಗಳಿವೆ. ಜೀಪಿಗೆ ಸ್ಟೀಲ್ ಫ್ಲಾಸ್ಕಿನಲ್ಲಿ ತಲೆಗೆ ಒಂದು ಲೀಟರ್ ನೀರು.

ಆ ಮೂರನೇ ದಿನ ಬೆಳಿಗ್ಗೆ ಗೋಣಿಕೊಪ್ಪದಿಂದ ಬಾಣಲೆ, ತವಾ, ಸೌಟು ಎಲ್ಲಾ ಕೊಂಡು ಜೀಪಿನಲ್ಲಿ ಕಳಿಸಿಕೊಟ್ಟೆವು. ಉಳಿದ ನಾಲ್ಕು ರಾತ್ರಿ ಊಟದ ಫೋನ್ ಬರಲಿಲ್ಲ. ಬಿಲ್ ಮಾತ್ರ ಅಕೌಂಟ್ಸ್‌ನಲ್ಲಿ ಇವತ್ತಿಗೂ ಪೆಂಡಿಂಗ್: "ಟೂರ್ ಕಂಪನಿಗೆ ಬಾಣಲೆ ಯಾಕೆ?" ಅಂತ ಪೆನ್ಸಿಲ್‌ನಲ್ಲಿ ಬರೆದು ವಾಪಸ್ ಕಳಿಸಿದ್ದಾರೆ. ವೋಚರಿನಲ್ಲಿ ಹಲಾಲ್ ಚೌಕದ ಪಕ್ಕ ಎರಡು ಸಾಲು ಬರೆಯಲು ಜಾಗ ಕೊಡಿ ಅಂತ ಸಾಫ್ಟ್‌ವೇರ್‌ನವರಿಗೆ ಹಾಕಿದ ಟಿಕೆಟ್ಟೂ ಅದರ ಜೊತೆಯಲ್ಲೇ ಕೂತಿದೆ.