ಕೆಂಪು ಮಣ್ಣಿನ ಗೀರು ನೋಡಿ ಸ್ವಿಂಗ್ ತಿದ್ದಿಕೊಂಡದ್ದು

ಜನವರಿ, ಎರಡನೇ ವಾರ

ಮೂರು ವರ್ಷದಿಂದ ಗಾಲ್ಫ್ ಆಡುತ್ತಿದ್ದೇನೆ. ಮೂರು ವರ್ಷದಿಂದಲೂ ಡ್ರೈವರ್ (ತುಂಬಾ ದೂರ ಹೊಡೆಯುವ ಉದ್ದನೆಯ ಕ್ಲಬ್, ಅಂದರೆ ಗಾಲ್ಫ್ ಕೋಲು) ಹಿಡಿದರೆ ಅದೇ ಕಥೆ. ಚೆಂಡು ಸ್ವಲ್ಪ ಎಡಕ್ಕೆ ಹೊರಡುತ್ತದೆ, ನಡುವೆ ಬಾಗುತ್ತದೆ, ಬಲಗಡೆಯ ಪೊದೆಯೊಳಗೆ ಹೋಗಿ ಬೀಳುತ್ತದೆ. ಇದೇ ಸ್ಲೈಸ್. ಈ ವರ್ಷ ಇದನ್ನು ಸರಿ ಮಾಡಲೇಬೇಕು ಅಂತ ಇವತ್ತಿನಿಂದ ಬರೆದಿಡುತ್ತಿದ್ದೇನೆ.

ಮನೆ ಕೋಲಾರದಲ್ಲಿ, ಕೆಲಸ ನರಸಾಪುರದಲ್ಲಿ, ಶಿಫ್ಟ್ ಪ್ರಕಾರ. ಚೆಂಡು ಹೊಡೆದು ಅಭ್ಯಾಸ ಮಾಡುವ ಬೆಂಗಳೂರಿನ ಡ್ರೈವಿಂಗ್ ರೇಂಜ್‌ಗೆ ಹೋಗಬೇಕು ಅಂದರೆ ಹೆಚ್ಚುಕಡಿಮೆ 70 ಕಿ.ಮೀ. ತಿಂಗಳಿಗೆ ಒಂದು ಸಲ ಹೋದರೆ ಅದೇ ಜಾಸ್ತಿ. ಉಳಿದ ದಿನ ಅಭ್ಯಾಸವೆಲ್ಲ ಶ್ರೀನಿವಾಸಪುರದ ಕಡೆ ಚಿಕ್ಕಪ್ಪನ ಹೊಲದಲ್ಲಿ. ಟೊಮೆಟೊ ಕಿತ್ತು ಮುಗಿದ ಒಂದು ತುಂಡು ಜಮೀನು ಖಾಲಿ ಇದೆ. ಪಕ್ಕದಲ್ಲೇ ಮಾವಿನ ತೋಪು, ಈಗ ಹೂವು ಬಿಡುತ್ತಿದೆ.

ಹೋದ ಭಾನುವಾರ ರೇಂಜ್‌ನಲ್ಲಿ ಮಷಿನ್ ಇಟ್ಟು ಅಳೆಸಿದೆ. ಡ್ರೈವರ್ ವೇಗ ಗಂಟೆಗೆ 86 ಮೈಲಿ. ಗಾಳಿಯಲ್ಲಿ ಹೋದ ದೂರ 168 ಯಾರ್ಡ್. ಕ್ಲಬ್ ಬರುವ ಹಾದಿ ಗುರಿಗಿಂತ 7 ಡಿಗ್ರಿ ಎಡಕ್ಕೆ. ಕ್ಲಬ್ಬಿನ ಮುಖ, ಅಂದರೆ ಚೆಂಡಿಗೆ ತಾಗುವ ಭಾಗ, 2 ಡಿಗ್ರಿ ಎಡಕ್ಕೆ.

ಈ ಕೊನೆಯ ಎರಡು ಸಂಖ್ಯೆಗಳಲ್ಲೇ ಎಲ್ಲ ಇದೆ. ಚೆಂಡಿಗೂ ಕ್ಲಬ್ಬಿಗೂ ತಾಗಾಟ ಇರುವುದು ಸುಮಾರು ಅರ್ಧ ಮಿಲಿಸೆಕೆಂಡ್ ಅಷ್ಟೇ. ಅಷ್ಟರಲ್ಲಿ ಮುಖ ಯಾವ ಕಡೆ ನೋಡುತ್ತಿದೆಯೋ ಬಹುಪಾಲು ಆ ಕಡೆಗೇ ಚೆಂಡು ಹೊರಡುತ್ತದೆ. ಆಮೇಲೆ ಎಷ್ಟು ಬಾಗುತ್ತದೆ ಅನ್ನುವುದು ಮುಖಕ್ಕೂ ಹಾದಿಗೂ ಇರುವ ಅಂತರದಿಂದ. ನನ್ನ ಮುಖ ಹಾದಿಗಿಂತ 5 ಡಿಗ್ರಿ ಬಲಕ್ಕೆ ತೆರೆದಿದೆ. ಚೆಂಡು ಬಲಕ್ಕೆ ಬಾಗದೆ ಇನ್ನೇನು ಮಾಡೀತು?

ದೂರ ಕಡಿಮೆ ಆಗುವುದಕ್ಕೂ ಇದೇ ಕಾರಣ. ಹೊರಗಿನಿಂದ (ಮೈಯಿಂದ ದೂರದ ಕಡೆಯಿಂದ) ಒಳಕ್ಕೆ ಅಡ್ಡ ಬರುವ ಕ್ಲಬ್ ಚೆಂಡನ್ನು ನೇರವಾಗಿ ಹೊಡೆಯುವುದಿಲ್ಲ, ಸವರಿಕೊಂಡು ಹೋಗುತ್ತದೆ. ಶಕ್ತಿಯೆಲ್ಲ ಚೆಂಡನ್ನು ತಿರುಗಿಸುವುದಕ್ಕೇ ಖರ್ಚಾಗುತ್ತದೆ. ನಾನು ಇಷ್ಟು ದಿನ ದೂರ ಬೇಕು ಅಂತ ಇನ್ನೂ ಜೋರಾಗಿ ಬೀಸುತ್ತಿದ್ದೆ. ಬೀಸಿದಷ್ಟೂ ಬಾಗು ಜಾಸ್ತಿ ಆಗುತ್ತಿತ್ತು.

ಜನವರಿ, ಕೊನೆ

ಮೊದಲ ದಿನವೇ ಒಂದು ಅಪಾಯ ತಪ್ಪಿತು. ಹೊಲದಲ್ಲಿ ಚೆಂಡು ತಡೆಯಲು ಹಸಿರು ಶೇಡ್ ನೆಟ್ ಒಂದು ಪದರ ಕಟ್ಟಿದ್ದೆ. ಮೂರನೇ ಚೆಂಡು ಅದನ್ನು ಹರಿದುಕೊಂಡು ಬೇಲಿಯವರೆಗೂ ಹೋಯಿತು. ಚಿಕ್ಕಪ್ಪ ಓಡಿ ಬಂದರು. "ಏನೋ ಮಗ, ರಸ್ತೆಗೆ ಹೋಗಿದ್ರೆ ಯಾರಿಗಾದ್ರೂ ಬೀಳ್ತಿತ್ತಲ್ಲೋ!" ಅವರು ಹೇಳಿದ್ದು ನಿಜ. ಈಗ ಎರಡು ಪದರ ನೆಟ್, ಅದರ ಹಿಂದೆ ಹಳೇ ಕಂಬಳಿ ಇಳಿಬಿಟ್ಟಿದ್ದೇನೆ, ಕೆಳಗೆ ಬಿಗಿಯಾಗಿ ಕಟ್ಟಿಲ್ಲ. ಚೆಂಡು ಬಡಿದು ಅಲ್ಲೇ ಬೀಳುತ್ತದೆ. ಮನೆಯಲ್ಲಿ ನೆಟ್ ಕಟ್ಟುವವರು ದಯವಿಟ್ಟು ಇದನ್ನು ಗಮನಿಸಿ.

ಟೊಮೆಟೊ ಗಿಡಕ್ಕೆ ಆಸರೆ ಕೊಟ್ಟಿದ್ದ ನೀಲಗಿರಿ ಕಡ್ಡಿ ರಾಶಿ ಬಿದ್ದಿತ್ತು. ನೆಟ್ಟಗಿರುವ ಎರಡು ಆರಿಸಿಕೊಂಡೆ. ಒಂದು ಪಾದದ ಮುಂದೆ, ಇನ್ನೊಂದು ಚೆಂಡಿನ ಆಚೆ, ಎರಡೂ ಗುರಿಯ ಕಡೆಗೆ. ನಿಂತು ನೋಡಿದರೆ ನನ್ನ ಪಾದ, ಭುಜ ಎರಡೂ ಕಡ್ಡಿಗಿಂತ ತುಂಬಾ ಎಡಕ್ಕೆ! ಬಲಕ್ಕೆ ಹೋಗುತ್ತದಲ್ಲ ಅಂತ ವರ್ಷಗಟ್ಟಲೆ ಎಡಕ್ಕೆ ತಿರುಗಿ ನಿಲ್ಲುತ್ತಾ ಬಂದಿದ್ದೆ. ಭುಜ ಎಡಕ್ಕೆ ತಿರುಗಿದ ಮೇಲೆ ಕ್ಲಬ್ ಕೂಡ ಎಡಕ್ಕೇ ತಾನೆ ಬೀಸುವುದು? ಕಾಯಿಲೆಗೆ ಅಂತ ತೆಗೆದುಕೊಂಡ ಔಷಧಿಯೇ ಕಾಯಿಲೆಯನ್ನು ಬೆಳೆಸುತ್ತಿತ್ತು.

ಹಿಡಿತವನ್ನೂ ಬದಲಿಸಿದೆ. ಎಡಗೈಯನ್ನು ಸ್ವಲ್ಪ ಬಲಕ್ಕೆ ಹೊರಳಿಸಿ, ಮೇಲಿಂದ ನೋಡಿದರೆ ಎರಡೂವರೆ ಗೆಣ್ಣು ಕಾಣುವ ಹಾಗೆ. ಒಂದು ವಾರ ಕೈ ನಂದಲ್ಲ ಅನ್ನಿಸಿತು. ಆಮೇಲೆ ಹೊಂದಿಕೊಂಡಿತು.

ಫೆಬ್ರವರಿ

ಈ ಮಣ್ಣಿನಂಥ ಗುರು ಇನ್ನೊಬ್ಬರಿಲ್ಲ. ಹುಲ್ಲಿನ ಮೇಲೆ ಅಥವಾ ಮ್ಯಾಟ್ ಮೇಲೆ ಹೊಡೆದರೆ ಕ್ಲಬ್ ಎಲ್ಲಿಂದ ಬಂತು ಅಂತ ಇಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಇಲ್ಲಿ ಸಂಜೆ ನೀರು ಚಿಮುಕಿಸಿ, ಹಲಗೆಯಿಂದ ತಟ್ಟಿ ಸಮ ಮಾಡುತ್ತೇನೆ. ಬೆಳಿಗ್ಗೆ ರಂಗೋಲಿ ಪುಡಿಯಲ್ಲಿ ಗುರಿಯ ಕಡೆ ಒಂದು ಗೆರೆ ಎಳೆಯುತ್ತೇನೆ. ಚೆಂಡು ಇಡುವುದಿಲ್ಲ. 7 ಐರನ್ (ಮಧ್ಯಮ ದೂರಕ್ಕೆ ಬಳಸುವ ಕ್ಲಬ್) ಹಿಡಿದು ಬರೀ ಗೆರೆಯ ಮೇಲೆ ಬೀಸುತ್ತೇನೆ. ಮಣ್ಣಿನಲ್ಲಿ ಅಂಗೈ ಅಗಲದ ಗೀರು ಬೀಳುತ್ತದೆ. ಮೇಲಿನ ಪದರ ತಿಳಿ ಕೆಂಪು, ಒಳಗೆ ಒದ್ದೆಯಾದ ಕಡು ಕೆಂಪು. ಅದರ ನಡುವೆ ಬಿಳಿ ಪುಡಿ ಯಾವ ಕಡೆ ಎಳೆದುಕೊಂಡು ಹೋಗಿದೆ ಅಂತ ಕಣ್ಣಿಗೆ ಹೊಡೆದ ಹಾಗೆ ಕಾಣುತ್ತದೆ.

ಮೊದಲ ದಿನ ಹತ್ತಕ್ಕೆ ಹತ್ತೂ ಗೀರು ಎಡಗಡೆಯ ಬೇವಿನ ಮರಕ್ಕೆ ಮುಖ ಮಾಡಿದ್ದವು. ಜೊತೆಗೆ ಬಲಗಾಲಿನ ಗುರುತು. ಶೂ ಮುಂಭಾಗ ಚೆಂಡಿನ ಕಡೆಗೆ ತಿರುಚಿಕೊಂಡು ಮಣ್ಣು ಕೆತ್ತಿತ್ತು. ಅಂದರೆ ಕ್ಲಬ್ ಕೆಳಗಿಳಿಯುವಾಗ ನನ್ನ ಬಲಗಡೆಯ ಸೊಂಟ, ಬಲ ಭುಜ ಎರಡೂ ಮುಂದಕ್ಕೆ ನುಗ್ಗುತ್ತಿವೆ. ಕ್ಲಬ್ ಪಾಪ ಹೊರಕ್ಕೆ ತಳ್ಳಲ್ಪಟ್ಟು ಅಡ್ಡ ಬರುತ್ತಿದೆ. ಫೋನ್ ಹಿಂದೆ ಇಟ್ಟು ನಿಧಾನ ಗತಿಯಲ್ಲಿ ವಿಡಿಯೋ ಮಾಡಿ ನೋಡಿದೆ. ಅದೇ.

ಕೊಳೆತ ಟೊಮೆಟೊ ಕೂಡ ಕೆಲಸಕ್ಕೆ ಬಂತು. ಚೆಂಡಿನ ಹಿಂದೆ ಒಂದು ಗೇಣು, ನನ್ನಿಂದ ಆಚೆಗೆ ನಾಲ್ಕು ಬೆರಳು ಬಿಟ್ಟು ಒಂದನ್ನು ಇಡುವುದು. ಕ್ಲಬ್ ಹೊರಗಿನಿಂದ ಬಂದರೆ ಮೊದಲು ಅದಕ್ಕೇ ಬಡಿಯುತ್ತದೆ. ಮೊದಲ ಬೆಳಿಗ್ಗೆ 20ರಲ್ಲಿ 14 ಒಡೆದವು. ತಿಂಗಳ ಕೊನೆಗೂ 9.

ಏನು ಮಾಡಬಾರದು ಅಂತ ಗೊತ್ತಾಗಿದೆ. ಏನು ಮಾಡಬೇಕು ಅನ್ನುವುದು ಇನ್ನೂ ಮೈಗೆ ಹತ್ತಿಲ್ಲ.

ಮಾರ್ಚ್, ಮೊದಲ ಭಾನುವಾರ

ಇವತ್ತು ಹತ್ತಿತು!

ಅಕ್ಕನ ಮಗನನ್ನು ಕರೆದುಕೊಂಡು ಊರ ಹತ್ತಿರದ ಕೆರೆಗೆ ಹೋಗಿದ್ದೆ. 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಆ ನೀರಿನ ಬಗ್ಗೆ ಜನರಲ್ಲಿ ಎರಡು ಮಾತಿದೆ, ಅದು ಬೇರೆ ವಿಷಯ. ಆದರೆ ನಾನು ಚಿಕ್ಕವನಿದ್ದಾಗ ಈ ಕೆರೆಯಲ್ಲಿ ಕ್ರಿಕೆಟ್ ಆಡುತ್ತಿದ್ದೆವು, ಅಷ್ಟು ಒಣಗಿತ್ತು. ಹಾಗಾಗಿ ನೀರಿನ ಮೇಲೆ ಚಪ್ಪಟೆ ಕಲ್ಲು ಕುಪ್ಪಳಿಸುವ ಆಟ ನನಗೆ ಬರುವುದೇ ಇಲ್ಲ. ಹುಡುಗನದ್ದು ಐದಾರು ಸಲ ಕುಪ್ಪಳಿಸುತ್ತದೆ. ನನ್ನದು ಬುಳಕ್ ಅಂತ ಮುಳುಗಿತು.

"ಮಾಮ, ಹಂಗಲ್ಲ. ಮೇಲಿಂದ ಎಸೆದ್ರೆ ಮುಳುಗುತ್ತೆ. ಸೊಂಟದ ಪಕ್ಕದಿಂದ ಬಿಡಬೇಕು. ಮೊದ್ಲು ಕಾಲು ಹಾಕು, ಆಮೇಲೆ ಕೈ."

ಮೊದಲು ಕಾಲು, ಆಮೇಲೆ ಕೈ. ಎಡಗಾಲು ಊರಿದೆ. ಸೊಂಟ ತಾನಾಗಿ ತಿರುಗಿತು. ಮೊಣಕೈ ಪಕ್ಕೆಗೆ ಒತ್ತಿಕೊಂಡೇ ಮುಂದೆ ಬಂತು, ಕೈ ಕೊನೆಗೆ ಬಂತು. ಕಲ್ಲು ಮೂರು ಸಲ ಹಾರಿತು. ಅಲ್ಲೇ ನಿಂತು ಇನ್ನೂ 30, 40 ಎಸೆದೆ. ಗಾಲ್ಫ್‌ನಲ್ಲಿ ಹೇಳುವ ಕ್ರಮವೂ ಇದೇ ಅಲ್ವಾ? ಮೊದಲು ಸೊಂಟ, ನಂತರ ಎದೆ, ನಂತರ ತೋಳು, ಕೊನೆಗೆ ಕ್ಲಬ್. ನಾನು ಅದನ್ನು ತಲೆಯಲ್ಲಿ ಇಟ್ಟುಕೊಂಡಿದ್ದೆ, ಮೈಯಲ್ಲಿ ಭುಜವೇ ಮೊದಲು ಓಡುತ್ತಿತ್ತು.

ಸಂಜೆ ಹೊಲಕ್ಕೆ ಹೋದೆ. ಚೆಂಡು ಹೊಡೆಯುವ ಮುನ್ನ ಪ್ರತಿ ಸಲ ಕೈಯಲ್ಲಿ ಕಲ್ಲಿಲ್ಲದೆಯೇ ಒಮ್ಮೆ ಎಸೆದ ಹಾಗೆ ಮಾಡಿದೆ. 20ರಲ್ಲಿ ಟೊಮೆಟೊ ಒಡೆದದ್ದು 3. ಗೀರು ಬೇವಿನ ಮರ ಬಿಟ್ಟು ನೆಟ್ ಕಡೆಗೆ ತಿರುಗಿತು. ಬಲಗಾಲಿನ ಗುರುತೂ ಬೇರೆ. ತಿರುಚಿದ ಕೆತ್ತು ಇಲ್ಲ, ಹಿಮ್ಮಡಿ ಮೆಲ್ಲಗೆ ಎದ್ದು ಒಳಕ್ಕೆ ಹೊರಳಿದೆ ಅಷ್ಟೇ.

ಮಾರ್ಚ್, ಕೊನೆ

ರೇಂಜ್‌ನಲ್ಲಿ ಕಷ್ಟದ ದಿನ. ಸ್ಲೈಸ್ ಹೋಯಿತು, ಅದಕ್ಕೆ ಉಲ್ಟಾ ಎಡಕ್ಕೆ ಬಾಗುವ ಹುಕ್ ಬಂತು. ಕೆಲವು ನೇರ ಬಲಕ್ಕೆ ಹೋಗಿ ಹಾಗೇ ಉಳಿದವು, ಕೆಲವು ಎಡಕ್ಕೆ ಚೂಪಾಗಿ ಬಾಗಿದವು. ಮಷಿನ್ ನೋಡಿದರೆ ಹಾದಿ ಈಗ 6 ಡಿಗ್ರಿ ಬಲಕ್ಕೆ. ಖುಷಿಯಲ್ಲಿ ತೀರಾ ಒಳಗಿನಿಂದ ಬೀಸುತ್ತಿದ್ದೇನೆ. ಸೊಂಟ ಮಧ್ಯದಲ್ಲೇ ನಿಂತುಬಿಡುತ್ತದೆ, ಕೈ ಒಂದೇ ಓಡಿ ಮುಖವನ್ನು ಮುಚ್ಚುತ್ತದೆ.

ಇದಕ್ಕೆ ಹೊಸ ಮದ್ದು ಹುಡುಕಲಿಲ್ಲ. ಹೊಡೆತ ಮುಗಿದಾಗ ಹೊಕ್ಕುಳು ಗುರಿಯನ್ನು ನೋಡುತ್ತಿರಬೇಕು, ಬಲಗಾಲು ಬೆರಳ ತುದಿಯಲ್ಲಿ ನಿಂತಿರಬೇಕು. ಇಷ್ಟನ್ನೇ ಮೂರು ವಾರ, ಅರ್ಧ ವೇಗದಲ್ಲಿ.

ಏಪ್ರಿಲ್, ಮೂರನೇ ವಾರ

ಅದೇ ರೇಂಜ್, ಅದೇ ಮಷಿನ್, ಅದೇ ಡ್ರೈವರ್. ಹಾದಿ 1ರಿಂದ 2 ಡಿಗ್ರಿ ಬಲಕ್ಕೆ. ಮುಖ ಹೆಚ್ಚುಕಡಿಮೆ ನೇರ. ವೇಗ 91 ಮೈಲಿ. ದೂರ 199 ಯಾರ್ಡ್. ವೇಗ ಏರಿದ್ದು 5 ಮೈಲಿ ಮಾತ್ರ, ದೂರ ಏರಿದ್ದು 31 ಯಾರ್ಡ್. ಚೆಂಡು ಮುಖದ ನಡುವೆ ಬೀಳುತ್ತಿರುವುದೇ ಇದಕ್ಕೆ ಮುಖ್ಯ ಕಾರಣ. ಚೆಂಡಿನ ವೇಗವನ್ನು ಕ್ಲಬ್ ವೇಗದಿಂದ ಭಾಗಿಸಿದರೆ ಡ್ರೈವರ್‌ಗೆ ಸುಮಾರು 1.5 ಬಂದರೆ ಅದೇ ಗರಿಷ್ಠ. ನನ್ನದು 1.33 ಇತ್ತು, ಈಗ 1.43.

ಇಷ್ಟಾದರೂ ನನಗೆ ದೂರಕ್ಕಿಂತ ನೇರವೇ ದೊಡ್ಡ ಸಂತೋಷ. ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಒಂದೇ ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯವರಾದರು. ದೂರ ಹೊಡೆಯುವವರ ಸಾಲಿನಲ್ಲಿ ಅವರು ಇರಲಿಲ್ಲ. ಆ ನಾಲ್ಕು ದಿನ ಬೆಳಿಗ್ಗೆ ಎದ್ದು ಸ್ಕೋರ್ ನೋಡಿದ್ದು ನನಗೆ ಇನ್ನೂ ನೆನಪಿದೆ.

ಮೇ, ಮೊದಲ ವಾರ

ಅಪ್ಪನನ್ನು ಹೊಲಕ್ಕೆ ಕರೆತಂದೆ. ಅವರು ಕೆಜಿಎಫ್ ಗಣಿಯಲ್ಲಿದ್ದವರು, 2001ರ ಫೆಬ್ರವರಿಯಲ್ಲಿ ಮುಚ್ಚುವವರೆಗೂ. ಗಣಿಯ ಸಾಹೇಬರು ಗಾಲ್ಫ್ ಆಡುವುದನ್ನು ಬೇಲಿಯಾಚೆಯಿಂದ ನೋಡಿ ಬೆಳೆದವರು. ನನ್ನ ಮೊದಲ 7 ಐರನ್ ನಮ್ಮ ಮನೆಯ ಅಟ್ಟದಲ್ಲಿ ಸಿಕ್ಕಿದ್ದೂ ಅಪ್ಪನಿಂದಲೇ, ಯಾರೋ ಊರು ಬಿಡುವಾಗ ಅವರಿಗೆ ಕೊಟ್ಟು ಹೋದದ್ದು.

ಮಾವಿನಕಾಯಿ ಜೋತುಬಿದ್ದ ಕೊಂಬೆಯ ಕೆಳಗೆ ಕುರ್ಚಿ ಹಾಕಿಕೊಂಡು ಕೂತರು. ನಾನು ಆ ಹಳೇ ಐರನ್‌ನಲ್ಲೇ ಹತ್ತು ಹೊಡೆದೆ. ಅವರು ನೆಟ್ ಕಡೆ ನೋಡಲೇ ಇಲ್ಲ. ಎದ್ದು ಬಂದು ಬಗ್ಗಿ ಮಣ್ಣು ನೋಡಿದರು. ಹತ್ತು ಗೀರು, ಒಂದರ ಪಕ್ಕ ಒಂದು, ನೇಗಿಲ ಸಾಲಿನ ಹಾಗೆ.

"ಶಬ್ದ ಬದಲಾಗಿದೆ ಕಣೋ," ಅಂದರು. "ಸಾಹೇಬರು ಹೊಡೆದಾಗ ಹಿಂಗೇ ಕೇಳಿಸ್ತಿತ್ತು."

ಮಳೆ ಶುರುವಾದರೆ ಚಿಕ್ಕಪ್ಪ ಇಲ್ಲಿ ಉಳುತ್ತಾರೆ. ಅಷ್ಟರೊಳಗೆ 5 ವುಡ್ (ಡ್ರೈವರ್‌ಗಿಂತ ಚಿಕ್ಕ ಕ್ಲಬ್) ಹಿಡಿದು ಇದೇ ಕೆಲಸ ಮಾಡಬೇಕು.