ಕೊನೆಯ ಸಲ ಕುಡಿದದ್ದು ಯಾವಾಗ?

ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಶುಶ್ರೂಷಾಧಿಕಾರಿಯಾಗಿ ಹದಿನಾರು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಅದರಲ್ಲಿ ಒಂಬತ್ತು ವರ್ಷ ಕಳೆದದ್ದು ಕುಡಿತ ಬಿಡಲು ಬಂದವರ ವಾರ್ಡಿನಲ್ಲಿ. ಆ ವಾರ್ಡಿಗೆ ಯಾರೂ ಕೇಳಿಕೊಂಡು ಹೋಗುವುದಿಲ್ಲ, ನಾನು ಹೋದೆ. ಅದಕ್ಕೆ ಕಾರಣ, ಮೂಳೆ ವಾರ್ಡಿನಲ್ಲಿದ್ದಾಗ ನನ್ನ ಕೈಯಿಂದ ಆದ ಒಂದು ತಪ್ಪು.

ಒಂದು ಶುಕ್ರವಾರ ರಾತ್ರಿ ನಲವತ್ತರ ಆಸುಪಾಸಿನ ಮಗ್ಗದ ಕೆಲಸಗಾರರೊಬ್ಬರು ಸ್ಕೂಟರಿನಿಂದ ಬಿದ್ದು ಮೊಣಕಾಲಿನ ಕೆಳಗೆ ಮೂಳೆ ಮುರಿದುಕೊಂಡು ದಾಖಲಾದರು. ಹೆಂಡತಿ, ಮಾವ, ಭಾವಮೈದುನ ಮಂಚದ ಸುತ್ತ ನಿಂತಿದ್ದರು. ಕೇಸ್ ಶೀಟ್ ತುಂಬುತ್ತಾ, ಎಲ್ಲರ ಎದುರಿಗೇ, “ಕುಡಿಯೋದು, ಬೀಡಿ ಸೇದೋದು ಏನಾದರೂ ಇದೆಯಾ?” ಎಂದು ಕೇಳಿದೆ. ರೋಗಿ ಬಾಯಿ ತೆರೆಯುವ ಮೊದಲೇ ಮಾವ, “ಛೇ, ಅಂಥದ್ದೇನೂ ಇಲ್ಲಮ್ಮ” ಎಂದುಬಿಟ್ಟರು. ನಾನು “ಅಭ್ಯಾಸಗಳು: ಇಲ್ಲ” ಎಂದು ಬರೆದು ಮುಂದಿನ ಮಂಚಕ್ಕೆ ಹೋದೆ. ಗಾಯ ತೊಳೆದ ಸ್ಪಿರಿಟ್ಟಿನ ವಾಸನೆಯಲ್ಲಿ ಬೇರೆ ವಾಸನೆ ತಿಳಿಯಲಿಲ್ಲ ಎಂದು ಆಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಂಡದ್ದುಂಟು.

ಶನಿವಾರ ಬೆಳಿಗ್ಗೆ ಅವರ ಕೈ ನಡುಗುತ್ತಿತ್ತು, ಅಂಗಿ ಬೆವರಿನಿಂದ ತೊಯ್ದಿತ್ತು, ನಾಡಿ ನಿಮಿಷಕ್ಕೆ 116 ಇತ್ತು. ನೋವು ಮತ್ತು ಆಪರೇಷನ್ನಿನ ಭಯ ಎಂದುಕೊಂಡೆವು. ಊಟ ಸೇರುತ್ತಿಲ್ಲ ಎಂದಾಗ ಗ್ಲೂಕೋಸ್ ಬಾಟಲಿ ಏರಿಸಿದೆವು. ಭಾನುವಾರ ರಾತ್ರಿ ನಾನು ಡ್ಯೂಟಿಗೆ ಬಂದಾಗ ಅವರು ಮಂಚದ ಮೇಲೆ ಎದ್ದು ಕುಳಿತು, ಗಾಳಿಯಲ್ಲಿ ಎರಡು ಬೆರಳು ಕೂಡಿಸಿ, ಕಡಿದುಹೋದ ಎಳೆಗಳಿಗೆ ಒಂದೊಂದಾಗಿ ಗಂಟು ಹಾಕುತ್ತಿದ್ದರು. ಗಂಟು ಬಿದ್ದ ಮೇಲೆ ಎಡಗೈಯಿಂದ ಮಗ್ಗದ ಹಿಡಿ ತಳ್ಳಿ ಚಾಲೂ ಮಾಡುತ್ತಿದ್ದರು, ಮತ್ತೆ ಎಳೆ ಕಡಿಯುತ್ತಿತ್ತು. “ಕರೆಂಟು ಹೋಗೋದರೊಳಗೆ ಸೀರೆ ಮುಗಿಸಬೇಕು” ಎಂದು ನನ್ನನ್ನೇ ಗದರಿದರು. ಬಿದ್ದ ಜಾಗದಲ್ಲಿ ಹುಣಸೆಮರವಿತ್ತು, ಗಾಳಿ ಸೋಕಿದೆ ಎಂದು ಭಾವಮೈದುನ ನಿಂಬೆಹಣ್ಣು ತರಲು ಹೊರಟರು. ಮುರಿದ ಕಾಲನ್ನು ಊರಿ ಇಳಿಯಲು ಹೋದಾಗ ನಾವು ಕೈಗಳನ್ನು ಮಂಚಕ್ಕೆ ಕಟ್ಟಿದೆವು.

ಕರೆಗೆ ಬಂದ ಮೆಡಿಸಿನ್ ವಿಭಾಗದ ವೈದ್ಯರು ಎರಡೇ ನಿಮಿಷ ನೋಡಿ, ಹೆಂಡತಿಯನ್ನು ಮಾತ್ರ ಮೆಟ್ಟಿಲಿನ ಬಳಿಗೆ ಕರೆದುಕೊಂಡು ಹೋದರು. ಹದಿನೈದು ವರ್ಷಗಳ ಕುಡಿತ, ದಿನಕ್ಕೆ ಎರಡು ಕ್ವಾರ್ಟರ್, ಕೊನೆಯದು ಶುಕ್ರವಾರ ಸಂಜೆ, ಅಪ್ಪನಿಗೆ ಹೇಳಬೇಡಿ ಎಂಬಷ್ಟೂ ಅಲ್ಲಿ ಹೊರಬಂತು. ಡೆಲಿರಿಯಂ ಟ್ರೆಮೆನ್ಸ್, ಅಂದರೆ ಕುಡಿತ ಒಮ್ಮೆಲೇ ನಿಂತಾಗ ಬರುವ ನಡುಕದ ಸನ್ನಿ. ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದಿದ್ದೆ, ಕಣ್ಣೆದುರಿಗೆ ಬಂದಾಗ ಗುರುತಿಸಲಿಲ್ಲ. ಮೆದುಳನ್ನು ಶಾಂತಗೊಳಿಸುವ ಲೋರಾಜೆಪಾಮ್ ಇಂಜೆಕ್ಷನ್, ಜೊತೆಗೆ ಥಯಮಿನ್ ಎಂಬ ಜೀವಸತ್ವ ಶುರುವಾಯಿತು. ಅವರು ಉಳಿದುಕೊಂಡರು, ಆದರೆ ಸೋಮವಾರದ ಆಪರೇಷನ್ ಹತ್ತು ದಿನ ಮುಂದಕ್ಕೆ ಹೋಯಿತು.

ನಾನು ಬರೆದ “ಇಲ್ಲ” ಎಂಬ ಎರಡಕ್ಷರದ ಅರ್ಥ ಆಮೇಲೆ ತಿಳಿಯುತ್ತಾ ಹೋಯಿತು. ವರ್ಷಗಟ್ಟಲೆ ಮದ್ಯ ಮೆದುಳನ್ನು ಮಂಕಾಗಿಸುತ್ತಿರುವಾಗ ಮೆದುಳು ಅದನ್ನು ಸರಿದೂಗಿಸಲು ತನ್ನ ಶಾಂತಗೊಳಿಸುವ ವ್ಯವಸ್ಥೆಯನ್ನು ತಗ್ಗಿಸಿ, ಕೆರಳಿಸುವ ವ್ಯವಸ್ಥೆಯನ್ನು ಹೆಚ್ಚಿಸಿಕೊಂಡಿರುತ್ತದೆ. ಮದ್ಯ ಒಮ್ಮೆಲೇ ನಿಂತಾಗ ತಡೆಯಿಲ್ಲದ ಆ ಕೆರಳಿಕೆಯೇ ನಡುಕವಾಗಿ, ಬೆವರಾಗಿ, ಫಿಟ್ಸ್ ಆಗಿ ಹೊರಬರುತ್ತದೆ. ಇದಕ್ಕೆ ಒಂದು ಗಡಿಯಾರವಿದೆ. ಕೊನೆಯ ಗುಟುಕಿನ ನಂತರ ಆರೆಂಟು ಗಂಟೆಗಳಲ್ಲಿ ನಡುಕ, ಸಾಮಾನ್ಯವಾಗಿ 48 ಗಂಟೆಗಳೊಳಗೆ ಫಿಟ್ಸ್, ಎರಡರಿಂದ ನಾಲ್ಕು ದಿನಗಳ ನಡುವೆ ಡೆಲಿರಿಯಂ. ಕೊನೆಯ ಸಲ ಕುಡಿದದ್ದು ಯಾವಾಗ ಎಂಬುದು ತಿಳಿದರೆ ನಾವು ಆ ಗಡಿಯಾರದ ಮುಂದೆ ಓಡಬಹುದು, ತಿಳಿಯದಿದ್ದರೆ ಹಿಂದೆ ಓಡುತ್ತೇವೆ.

ಈಗಿನ ನಮ್ಮ ವಾರ್ಡಿನಲ್ಲಿ ಮೊದಲ ಕೆಲಸವೇ ಸಂಬಂಧಿಕರನ್ನು ಟೀ ಕುಡಿದು ಬರಲು ಕಳಿಸುವುದು. “ಕುಡಿಯುತ್ತೀರಾ?” ಎಂದು ನಾನು ಕೇಳುವುದಿಲ್ಲ, ಅದು ಪೊಲೀಸರ ಪ್ರಶ್ನೆಯಂತೆ ಕೇಳಿಸುತ್ತದೆ. “ಎಷ್ಟು?” ಎಂದರೆ “ಸ್ವಲ್ಪ” ಎನ್ನುತ್ತಾರೆ. ಆದ್ದರಿಂದ ನೈಂಟಿಯೋ ಕ್ವಾರ್ಟರೋ, ಎಷ್ಟು ಖಾಲಿಯಾಗುತ್ತದೆ, ಬೆಳಿಗ್ಗೆ ಎದ್ದ ಕೂಡಲೇ ಬೇಕೇ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ ಎಂದು ಕೇಳುತ್ತೇನೆ. ನಮ್ಮಲ್ಲಿ ಮಾರುವ ವಿಸ್ಕಿ, ಬ್ರಾಂದಿಯ 30 ಮಿಲಿಯಲ್ಲಿ ಸುಮಾರು 10 ಗ್ರಾಂ ಶುದ್ಧ ಮದ್ಯಸಾರವಿರುತ್ತದೆ. 180 ಮಿಲಿಯ ಕ್ವಾರ್ಟರಿನಲ್ಲಿ 60 ಗ್ರಾಂ. ಆ ಲೆಕ್ಕ ಹಾಕಿ ತೋರಿಸಿದಾಗ, ತಾನು ‘ಸ್ವಲ್ಪ’ ಕುಡಿಯುವವನು ಎಂದುಕೊಂಡವರು ಸುಮ್ಮನಾಗುವುದನ್ನು ನೋಡಿದ್ದೇನೆ.

ಆಮೇಲಿನದು ಬೇಸರ ಬರಿಸುವಷ್ಟು ಎಚ್ಚರದ ಕೆಲಸ. ನಡುಕ, ಬೆವರು, ವಾಕರಿಕೆ, ಕಳವಳ, ಇಲ್ಲದ್ದನ್ನು ಕಾಣುವುದು, ಕೇಳುವುದು ಹೀಗೆ ಹತ್ತು ಅಂಶಗಳ, ಒಟ್ಟು 67 ಅಂಕಗಳ ಒಂದು ಮಾಪನವಿದೆ. ಕೆಲವು ಗಂಟೆಗಳಿಗೊಮ್ಮೆ ಅಂಕ ಹಾಕಿ, ನಾಡಿ ಮತ್ತು ರಕ್ತದೊತ್ತಡ ಬರೆದು, ವೈದ್ಯರು ಹೇಳಿದ ಪ್ರಮಾಣದಲ್ಲಿ ಲೋರಾಜೆಪಾಮ್ ಬಗೆಯದೇ ಆದ ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಡಯಾಜೆಪಾಮ್ ಕೊಟ್ಟು, ದಿನ ಕಳೆದಂತೆ ಇಳಿಸುತ್ತಾ ಒಂದು ವಾರದ ಆಸುಪಾಸಿನಲ್ಲಿ ನಿಲ್ಲಿಸುತ್ತೇವೆ. ಯಕೃತ್ತು ಕೆಟ್ಟು ಕಣ್ಣು ಹಳದಿಯಾದವರಿಗೆ ಲೋರಾಜೆಪಾಮ್ ಆರಿಸುತ್ತಾರೆ. ರೋಗಿಗೆ ಮಾತಿನ ಮೇಲೇ ಹಿಡಿತ ತಪ್ಪಿದ್ದರೆ ಆ ಮಾಪನ ಕೆಲಸಕ್ಕೆ ಬಾರದು, ಪಕ್ಕದಲ್ಲೇ ಕೂರಬೇಕು. ಇನ್ನು ಥಯಮಿನ್: ಬಹುಕಾಲ ಕುಡಿದು ಊಟ ಬಿಟ್ಟವರ ದೇಹದಲ್ಲಿ ಈ ಬಿ1 ಜೀವಸತ್ವ ಬತ್ತಿರುತ್ತದೆ. ಅದನ್ನು ಕೊಡದೆ ಗ್ಲೂಕೋಸ್ ಹರಿಸಿದರೆ ಉಳಿದ ಚೂರುಪಾರೂ ಖರ್ಚಾಗಿ, ಗೊಂದಲ, ಕಣ್ಣಾಲಿಗಳ ಓಡಾಟದಲ್ಲಿ ದೋಷ, ನಡಿಗೆಯಲ್ಲಿ ತೂರಾಟ ಬರುವ ವರ್ನಿಕೆ ಕಾಯಿಲೆಗೆ ದಾರಿಯಾಗಬಹುದು, ನೆನಪಿನ ಶಕ್ತಿ ಶಾಶ್ವತವಾಗಿ ಹೋಗಲೂಬಹುದು. ಆ ಶನಿವಾರ ಏರಿಸಿದ ಗ್ಲೂಕೋಸ್ ಬಾಟಲಿ ನನಗೆ ಇಂದಿಗೂ ನೆನಪಾಗುವುದು ಇದಕ್ಕೇ.

ಮಗನ ನಡುಕ ನೋಡಲಾರದೆ ನೀರಿನ ಬಾಟಲಿಯಲ್ಲಿ ಬ್ರಾಂದಿ ತಂದ ತಾಯಿಯೊಬ್ಬರನ್ನು ಹಿಡಿದಿದ್ದೇನೆ. ಅವರನ್ನು ಬೈಯಲು ಆಗಲಿಲ್ಲ, ಏಕೆಂದರೆ ಅದರಿಂದ ನಡುಕ ನಿಲ್ಲುತ್ತದೆ ಎಂಬ ಅವರ ತಿಳಿವಳಿಕೆ ಸುಳ್ಳಲ್ಲ. ಸುಳ್ಳಾಗಿರುವುದು ‘ಮನಸ್ಸು ಮಾಡಿದರೆ ನಾಳೆಯೇ ಬಿಡಬಹುದು’ ಎಂಬ ಮಾತು. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆಗಿ ಮೇ 4ರಂದು ಮದ್ಯದಂಗಡಿಗಳು ಮತ್ತೆ ತೆರೆಯುವವರೆಗೆ ರಾಜ್ಯವೇ ಒಮ್ಮೆಲೇ ಕುಡಿತ ನಿಲ್ಲಿಸಬೇಕಾಯಿತು. ಆ ಮೊದಲ ವಾರದಲ್ಲಿ ನಮ್ಮ ತುರ್ತು ವಿಭಾಗಕ್ಕೆ ಫಿಟ್ಸ್ ಬಂದು ಬಂದವರಲ್ಲಿ ಹಲವರು ತಮ್ಮನ್ನು ಕುಡುಕರೆಂದು ಎಂದೂ ಎಣಿಸಿದವರಲ್ಲ.

ಬಿಡುಗಡೆಯ ದಿನ ಮನೆಯವರು ಸಿಹಿ ತರುತ್ತಾರೆ. ಆ ಹೊತ್ತಿನಲ್ಲಿ ಹೇಳುವುದು ಕಷ್ಟವಾದರೂ ಹೇಳುತ್ತೇನೆ: ದೇಹದಿಂದ ಮದ್ಯ ಇಳಿದಿದೆ, ಅಷ್ಟೇ. ನಿದ್ದೆ ಸರಿಯಾಗಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು, ಆಸೆ ಮರುಕಳಿಸುತ್ತದೆ. ಅದನ್ನು ತಗ್ಗಿಸಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಮಾತ್ರೆಗಳಿವೆ. ಡೈಸಲ್ಫಿರಾಮ್ ಬೇರೆ ಬಗೆಯದು. ಅದನ್ನು ನುಂಗಿ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ರೋಗಿ ತಿಳಿದು ಒಪ್ಪಿದರೆ ಮಾತ್ರ ಅದನ್ನು ಕೊಡಬೇಕು. ‘ಗೊತ್ತಾಗದಂತೆ ಸಾರಿನಲ್ಲಿ ಬೆರೆಸಿ’ ಎಂದು ಯಾರೋ ಕೊಟ್ಟ ಪುಡಿಯನ್ನು ಹೆಂಡತಿ ಹಾಕಿ, ಗಂಡ ಸಂಜೆ ಬಾರಿನಲ್ಲಿ ಕುಸಿದುಬಿದ್ದು ನಮ್ಮಲ್ಲಿಗೆ ಬಂದದ್ದುಂಟು. ಆತ ಬದುಕಿದರು, ಆದರೆ ಆಮೇಲೆ ಮನೆಯ ಊಟವನ್ನೇ ಮುಟ್ಟಲಿಲ್ಲ.

ಹೆಚ್ಚಿನ ಜಾರುವಿಕೆ ನಡೆಯುವುದು ಗೊತ್ತಿರುವ ದಿನ, ಗೊತ್ತಿರುವ ಜಾಗದಲ್ಲಿ. ಮಗ್ಗದ ಊರುಗಳಲ್ಲಿ ಅದು ಬಟವಾಡೆಯ ಸಂಜೆ. ಹಣ ಯಾರ ಕೈಗೆ ಬರಬೇಕು, ಮನೆಗೆ ಯಾವ ರಸ್ತೆಯಲ್ಲಿ ಹೋಗಬೇಕು, ಜೊತೆಗೆ ಯಾರಿರಬೇಕು ಎಂಬುದನ್ನು ಬಿಡುಗಡೆಗೆ ಮೊದಲೇ ಅವರ ಬಾಯಿಂದಲೇ ಹೇಳಿಸುತ್ತೇವೆ. ಉಪದೇಶಕ್ಕಿಂತ ಇದು ಹೆಚ್ಚು ಉಪಯೋಗಕ್ಕೆ ಬಂದಿದೆ ಎಂಬುದು ನನ್ನ ಅನುಭವ. ರಾತ್ರಿ ಹೊತ್ತು ಯಾರೂ ಸಿಗದಿದ್ದರೆ ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಯನ್ನು ಚೀಟಿಯ ಮೇಲೆ ಬರೆದುಕೊಡುತ್ತೇವೆ.

ಆ ಮಗ್ಗದ ಕೆಲಸಗಾರರು ಕಾಲು ಕೂಡಿದ ಮೇಲೆ ನಮ್ಮ ವಾರ್ಡಿಗೆ ಎರಡು ಸಲ ದಾಖಲಾದರು. ಎರಡನೆಯ ಸಲ, ಏಳು ತಿಂಗಳು ಬಿಟ್ಟಿದ್ದು ಮತ್ತೆ ಶುರುಮಾಡಿ, ಒಂದು ಮಂಗಳವಾರ ಬೆಳಿಗ್ಗೆ ಒಬ್ಬರೇ ಬಸ್ಸು ಹತ್ತಿ ಬಂದರು. ನಾನು ಕೇಸ್ ಶೀಟ್ ಬಿಡಿಸಿ ಪೆನ್ನು ಹುಡುಕುತ್ತಿದ್ದೆ. “ಸಿಸ್ಟರ್, ಬರ್ಕೊಳ್ಳಿ” ಎಂದರು. “ನಿನ್ನೆ ರಾತ್ರಿ ಎಂಟೂವರೆಗೆ, ಒಂದು ಕ್ವಾರ್ಟರ್. ಈಗ ಹತ್ತು ಗಂಟೆ, ಕೈ ಶುರುವಾಗಿದೆ ನೋಡಿ.”