ಭಾನುವಾರ ಮನೆ ಮಕ್ಕಳ ಕೈಗೆ: ಬೆಳಗಿನ ಅವಲಕ್ಕಿಯಿಂದ ರಾತ್ರಿಯ ಹೆಪ್ಪಿನವರೆಗೆ

ಅಪ್ಪ-ಅಮ್ಮ ಮತ್ತು ಮಕ್ಕಳು ಒಂದು ದಿನದ ಮಟ್ಟಿಗೆ ಕೆಲಸ ಅದಲುಬದಲು ಮಾಡಿಕೊಳ್ಳೋಣ ಎಂದು ಹೊರಟರೆ, ಹೆಚ್ಚಿನ ಮನೆಗಳಲ್ಲಿ ಅದು ಮಗುವಿನ ಕೈಗೆ ಪೊರಕೆ ಕೊಟ್ಟು ‘ಈ ಕೋಣೆ ಗುಡಿಸು, ಆ ತಟ್ಟೆ ತೊಳೆ’ ಎನ್ನುವುದರಲ್ಲೇ ಮುಗಿಯುತ್ತದೆ. ಗುಡಿಸುವುದು ಹತ್ತು ನಿಮಿಷದ ಕೆಲಸ. ಇವತ್ತು ಏನು ಅಡುಗೆ, ಹಾಲು ಎಷ್ಟು ಪ್ಯಾಕೆಟ್ ಬೇಕು, ಟ್ಯಾಂಕಿನಲ್ಲಿ ನೀರಿದೆಯೇ, ನಾಳೆಗೆ ಮೊಸರು ಇದೆಯೇ ಎಂದು ದಿನವಿಡೀ ತಲೆಯಲ್ಲಿ ಇಟ್ಟುಕೊಂಡು ಓಡಾಡುವುದೇ ಮನೆ ನಡೆಸುವ ಕೆಲಸ. ಮಗುವಿಗೆ ಒಪ್ಪಿಸಬೇಕಾದದ್ದು ಅದನ್ನು, ತೀರ್ಮಾನ ಮಾಡುವ ಹಕ್ಕಿನ ಸಮೇತ.

ಹತ್ತರಿಂದ ಹದಿಮೂರು ವರ್ಷದ ಮಕ್ಕಳಿಗೆ ಇದು ಚೆನ್ನಾಗಿ ಹೊಂದುತ್ತದೆ. ಏಳೆಂಟು ವರ್ಷದವರಿಗಾದರೆ ಮಧ್ಯಾಹ್ನದ ಊಟದವರೆಗೆ ಸಾಕು. ನೆಂಟರು ಬರುವ ಭಾನುವಾರ ಬೇಡ. ಶನಿವಾರ ರಾತ್ರಿಯೇ ಕೂತು ಮೂರು ವಿಷಯ ಮಾತಾಡಿಕೊಳ್ಳಿ. ಮೊದಲು ದುಡ್ಡು: ಹಾಲು, ತರಕಾರಿ, ಸಂಜೆಯ ತಿಂಡಿ ಎಲ್ಲಕ್ಕೂ ಸೇರಿ 300 ರೂಪಾಯಿ, ನೋಟಿನಲ್ಲೇ. ಫೋನಿನಲ್ಲಿ ಸ್ಕ್ಯಾನ್ ಮಾಡಿ ಕೊಟ್ಟರೆ ದುಡ್ಡು ಕರಗುವುದು ಮಗುವಿನ ಕಣ್ಣಿಗೆ ಬೀಳುವುದಿಲ್ಲ. ಎರಡನೆಯದು ದೊಡ್ಡವರ ಕೈಯಲ್ಲೇ ಉಳಿಯುವ ಕೆಲಸಗಳು: ಗ್ಯಾಸ್ ರೆಗ್ಯುಲೇಟರ್, ಕುಕ್ಕರಿನ ಮುಚ್ಚಳ, ಕುದಿಯುವ ಪಾತ್ರೆ ಇಳಿಸುವುದು, ನೀರಿನ ಮೋಟಾರಿನ ಸ್ವಿಚ್ಚು. ಒಲೆ ಉರಿಯುತ್ತಿರುವಷ್ಟು ಹೊತ್ತು ಅಡುಗೆಮನೆಯಲ್ಲೇ ಸ್ಟೂಲ್ ಹಾಕಿಕೊಂಡು ಕೂತಿರಿ. ಸುಡುವ ಅಪಾಯ ಕಂಡರೆ ಮಾತ್ರ ಬಾಯಿ ತೆರೆಯಿರಿ. ಮೂರನೆಯದು, ಮನೆಯಲ್ಲಿ ಅಜ್ಜಿ-ತಾತ ಇದ್ದರೆ ಅವರಿಗೆ ಮೊದಲೇ ತಿಳಿಸುವುದು. ‘ಅಯ್ಯೋ, ಮಗು ಕೈಲಿ ಮಾಡಿಸ್ತೀಯಾ’ ಎಂದು ಅಜ್ಜಿ ಸೌಟು ಕಿತ್ತುಕೊಂಡರೆ ಅಲ್ಲಿಗೆ ಎಲ್ಲ ಮುಗಿಯಿತು.

ಬೆಳಗಿನ ತಿಂಡಿಗೆ ಒಗ್ಗರಣೆ ಅವಲಕ್ಕಿಯಷ್ಟು ಒಳ್ಳೆಯದು ಬೇರೆ ಇಲ್ಲ. ಉಪ್ಪಿಟ್ಟಿಗೆ ಕುದಿಯುವ ನೀರಿನೆದುರು ನಿಂತು ರವೆ ಸುರಿಯಬೇಕು, ದೋಸೆಗೆ ಕಾವಲಿಯ ಹದ ಗೊತ್ತಿರಬೇಕು. ನಾಲ್ಕು ಜನಕ್ಕೆ 3 ಕಪ್ ಮಧ್ಯಮ ದಪ್ಪದ ಅವಲಕ್ಕಿ. ತೂತಿನ ಬುಟ್ಟಿಯಲ್ಲಿ ಎರಡು ಸಲ ತೊಳೆದು, ನೀರು ಬಸಿದು, ಐದಾರು ನಿಮಿಷ ಬಿಡಲಿ. ಬೆರಳಲ್ಲಿ ಒತ್ತಿದರೆ ಹಿಸುಕಿಕೊಳ್ಳಬೇಕು, ಅಂಟಬಾರದು. ತೆಳು ಅವಲಕ್ಕಿಯನ್ನು ಹೀಗೆ ತೊಳೆದರೆ ಮುದ್ದೆಯಾಗುತ್ತದೆ, ನೀರು ಚಿಮುಕಿಸಿದರೆ ಸಾಕು. 3 ದೊಡ್ಡ ಚಮಚ ಎಣ್ಣೆ ಕಾಯಿಸಿ ಒಂದೇ ಒಂದು ಸಾಸಿವೆ ಕಾಳು ಹಾಕಿ ನೋಡಲಿ. ಅದು ಸಿಡಿದರೆ ಉಳಿದದ್ದು. ಆಮೇಲೆ ಕಡಲೆಬೀಜ, ಕಡಲೆಬೇಳೆ, ಉದ್ದಿನಬೇಳೆ, 4 ಹಸಿಮೆಣಸಿನಕಾಯಿ, 2 ಈರುಳ್ಳಿ, ಕಾಲು ಚಮಚ ಅರಿಸಿನ. ಮಕ್ಕಳ ಕೈಗೆ ಎಣ್ಣೆ ಸಿಡಿಯುವುದು ಹೆಚ್ಚಾಗಿ ಕರಿಬೇವಿನಿಂದ: ತೊಳೆದ ಎಲೆಯ ನೀರು ಒರೆಸದೆ ಹಾಕುತ್ತಾರೆ. ಬಟ್ಟೆಯಲ್ಲಿ ಒತ್ತಿ ಒಣಗಿಸುವುದನ್ನು ಶನಿವಾರವೇ ತೋರಿಸಿಕೊಡಿ. ನಿಂಬೆರಸ ಒಲೆ ಆರಿಸಿದ ಮೇಲೆ ಹಿಂಡಬೇಕು, ಬಿಸಿಗೆ ಕಹಿಯಾಗುತ್ತದೆ.

ತಿಂಡಿಯಾದ ಮೇಲೆ ಮಾರುಕಟ್ಟೆ. ಅರ್ಧ ಕೆಜಿ ಟೊಮೆಟೊ, ಕಾಲು ಕೆಜಿ ಹುರುಳಿಕಾಯಿ, ಒಂದು ಕಟ್ಟು ಕೊತ್ತಂಬರಿ ಎಂದು ಚೀಟಿಯನ್ನು ಮಗುವೇ ಬರೆಯಲಿ. ನಾಲ್ಕು ಜನರ ಪಲ್ಯಕ್ಕೆ ಕಾಲು ಕೆಜಿ ಸಾಕು. ‘ಕೆಜಿ ತಗೊಂಡ್ರೆ ಕಮ್ಮಿ ಮಾಡ್ಕೊಡ್ತೀನಿ’ ಎನ್ನುವ ಮಾತಿಗೆ ಮಕ್ಕಳು ಬೇಗ ಬೀಳುತ್ತಾರೆ. ಬಿದ್ದರೆ ಬೀಳಲಿ. ಹುರುಳಿಕಾಯಿ ಪಟ್ಟನೆ ಮುರಿಯಬೇಕು, ಬೆಂಡೆಕಾಯಿಯ ತುದಿಯೂ ಹಾಗೆಯೇ. ಬದನೆಯಲ್ಲಿ ತೂತಿದ್ದರೆ ಒಳಗೆ ಹುಳುವಿರುತ್ತದೆ.

ಮಧ್ಯಾಹ್ನಕ್ಕೆ ಅನ್ನ, ಸಾರು, ಪಲ್ಯ. ಮುದ್ದೆ ಬೇಡವೆಂದೇ ನನ್ನ ಖಚಿತ ಅಭಿಪ್ರಾಯ: ಕೊತಕೊತ ಕುದಿಯುವ ಹಿಟ್ಟನ್ನು ಕೋಲಿನಲ್ಲಿ ತಿರುವುವುದಕ್ಕೆ ದೊಡ್ಡವರ ತೋಳೇ ಬೇಕು, ಸಿಡಿದರೆ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ. ರೊಟ್ಟಿ ಉಣ್ಣುವ ಮನೆಯಾದರೆ ಅಂದಿಗೆ ಖಡಕ್ ರೊಟ್ಟಿ ಕೊಂಡು ತರಲಿ. ಒಂದು ಗಂಟೆಗೆ ಊಟವಾಗಬೇಕಾದರೆ ಹತ್ತೂವರೆಗೇ ಶುರು ಮಾಡಬೇಕು. ತರಕಾರಿ ಹೆಚ್ಚುವುದಕ್ಕೆ ಮಕ್ಕಳಿಗೆ ನಮ್ಮ ಮೂರರಷ್ಟು ಹೊತ್ತು ಹಿಡಿಯುತ್ತದೆ, ಅವಸರ ಮಾಡಿಸಿದರೆ ಬೆರಳು ಕುಯ್ಯುತ್ತದೆ.

ಐದು ಲೀಟರಿನ ಕುಕ್ಕರಿನ ತಳಕ್ಕೆ ಎರಡು ಬೆರಳಷ್ಟು ನೀರು. ಕೆಳಗಿನ ಪಾತ್ರೆಯಲ್ಲಿ ಅರ್ಧ ಕಪ್ ತೊಗರಿಬೇಳೆ, ಒಂದೂವರೆ ಕಪ್ ನೀರು, ಚಿಟಿಕೆ ಅರಿಸಿನ, ನಾಲ್ಕು ಹನಿ ಎಣ್ಣೆ. ಎಣ್ಣೆ ಹಾಕಿದರೆ ನೊರೆ ಉಕ್ಕುವುದು ಕಡಿಮೆ. ಮೇಲಿನ ಪಾತ್ರೆಯಲ್ಲಿ 2 ಕಪ್ ಸೋನಾಮಸೂರಿಗೆ ನಾಲ್ಕೂವರೆ ಕಪ್ ನೀರು. ಮೂರು ಕೂಗು, ಆಮೇಲೆ ಸಣ್ಣ ಉರಿಯಲ್ಲಿ ಐದು ನಿಮಿಷ. ಕೂಗದೆ ಪಕ್ಕದಿಂದ ಆವಿ ಸೋರುತ್ತಿದ್ದರೆ ಗ್ಯಾಸ್ಕೆಟ್ ಸಡಿಲವಾಗಿದೆ. ಒಲೆ ಆರಿಸಿ, ಒತ್ತಡ ಇಳಿದ ಮೇಲೆ ದೊಡ್ಡವರು ತೆಗೆದು, ಹತ್ತು ನಿಮಿಷ ಫ್ರೀಜರಿನಲ್ಲಿಟ್ಟು ಮತ್ತೆ ಹಾಕಿದರೆ ಆ ಹೊತ್ತಿಗೆ ನಡೆಯುತ್ತದೆ. ಹಸಿವಾಯಿತೆಂದು ವೆಯ್ಟ್ ಎತ್ತಲು ಮಾತ್ರ ಯಾರೂ ಹೋಗಬಾರದು.

ಹುಣಸೆಹಣ್ಣು, ಟೊಮೆಟೊಗಳನ್ನು ಬೇಳೆಯ ಜತೆಗೇ ಕುಕ್ಕರಿಗೆ ಹಾಕುವುದು ಹೊಸಬರು ಮಾಡುವ ತಪ್ಪು. ಹುಳಿಗೆ ಬೇಳೆ ಬೇಗ ಮೆತ್ತಗಾಗುವುದಿಲ್ಲ. ಬೇಳೆ ಬೆಂದ ಮೇಲೆ, ಬೇರೆ ಪಾತ್ರೆಯಲ್ಲಿ 2 ಟೊಮೆಟೊ, ಗೋಟಡಿಕೆ ಗಾತ್ರದ ಹುಣಸೆಯ ರಸ, 2 ಚಮಚ ಸಾರಿನಪುಡಿ, ಉಪ್ಪು, 2 ಕಪ್ ನೀರು ಕುದಿಸಿ, ಹಸಿವಾಸನೆ ಹೋದಾಗ ಕಡೆದ ಬೇಳೆ ಸೇರಿಸಬೇಕು. ಉಪ್ಪು ಹೆಚ್ಚಾದರೆ ಇನ್ನೊಂದು ಕಪ್ ಬಿಸಿನೀರು, ಸ್ವಲ್ಪ ಹುಳಿ. ಆ ಉಪಾಯವೂ ಮಗು ಕೇಳಿದರೆ ಮಾತ್ರ ಹೇಳಿ.

ಇನ್ನು ನಿಮ್ಮ ಪಾಲು. ಮಗುವಾಗುವುದೆಂದರೆ ಹಟ ಮಾಡುವ ನಾಟಕವಾಡಬೇಡಿ. ಮಗುವಿಗೆ ಅದು ತನ್ನನ್ನು ಅಣಕಿಸಿದಂತೆ ಕಾಣುತ್ತದೆ. ಅದರ ದಿನಚರಿಯನ್ನು ಹಾಗೆಯೇ ಪಾಲಿಸಿ: ಒಂದು ಪುಟ ಕಾಪಿ ಬರೆಯುವುದು, ಹದಿಮೂರರಿಂದ ಹದಿನೆಂಟರ ಮಗ್ಗಿ ಬಾಯಿಪಾಠ ಒಪ್ಪಿಸುವುದು, ಶೂ ಪಾಲಿಶ್. ಮಗುವಿಗೆ ದಿನಕ್ಕೆ ಅರ್ಧ ಗಂಟೆ ಫೋನ್ ಎಂದಿದ್ದರೆ ನಿಮಗೂ ಅಷ್ಟೇ. ಹೊರಗೆ ಹೋಗಲು ಕೇಳಿಯೇ ಹೋಗಿ. ‘ಪುಟ್ಟಾ, ಎಷ್ಟು ಸಲ ಹೇಳಬೇಕು ನಿನಗೆ’ ಎಂದು ನಿಮ್ಮದೇ ಮಾತು ನಿಮ್ಮದೇ ದನಿಯಲ್ಲಿ ವಾಪಸ್ ಬರುತ್ತದೆ. ನಗಬೇಡಿ, ಗದರಬೇಡಿ, ಕೇಳಿಸಿಕೊಳ್ಳಿ. ಅಮ್ಮ ಒಬ್ಬಳೇ ಅದಲುಬದಲಾಗಿ ಅಪ್ಪ ಸೋಫಾದಲ್ಲೇ ಉಳಿದರೆ ಅಡುಗೆಮನೆ ಅಮ್ಮನದು ಎಂಬ ಪಾಠವೇ ಗಟ್ಟಿಯಾಗುತ್ತದೆ. ಆದ್ದರಿಂದ ಇಬ್ಬರೂ ಸೇರಬೇಕು, ಅಪ್ಪನ ಲೆಕ್ಕಗಳೂ ಮಗುವಿನ ಕೈಗೆ ಹೋಗಬೇಕು.

ಕರೆಂಟ್ ಲೆಕ್ಕ ಅದಕ್ಕೆ ಚೆನ್ನಾಗಿದೆ. ಭಾನುವಾರ ಬೆಳಿಗ್ಗೆ ಆರಕ್ಕೆ ಮೀಟರಿನ ಅಂಕಿ ಬರೆದು, ಸೋಮವಾರ ಅದೇ ಹೊತ್ತಿಗೆ ಮತ್ತೆ ಬರೆದು ಕಳೆದರೆ ಒಂದು ದಿನದ ಯೂನಿಟ್ ಸಿಗುತ್ತದೆ. 2000 ವ್ಯಾಟಿನ ಗೀಸರ್ ಅರ್ಧ ಗಂಟೆ ಓಡಿದರೆ 1 ಯೂನಿಟ್. ಗೃಹಜ್ಯೋತಿ ಇರುವ ಮನೆಯಾದರೆ ತಿಂಗಳ ಮಿತಿಯನ್ನು 30ರಿಂದ ಭಾಗಿಸಿ, ಅವತ್ತಿನ ಬಳಕೆ ಅದರೊಳಗಿತ್ತೇ ಎಂದು ಮಗುವೇ ನೋಡಲಿ.

ರಾತ್ರಿಗೆ ಉಳಿದ ಅನ್ನದ ಚಿತ್ರಾನ್ನ ಸಾಕು. ಪಾತ್ರೆ ತೊಳೆದಾದ ಮೇಲೆ ‘ಎಲ್ಲ ಆಯ್ತು’ ಎಂದು ಮಗು ಮಲಗಲು ಹೊರಡುತ್ತದೆ. ಹೆಪ್ಪು ಮಾತ್ರ ಉಳಿದಿರುತ್ತದೆ. ಅರ್ಧ ಲೀಟರ್ ಹಾಲು ಕಾಯಿಸಿ, ಬೆರಳು ಅದ್ದಿದರೆ ಹಿತವೆನಿಸುವಷ್ಟು ಉಗುರುಬೆಚ್ಚಗಾದಾಗ 1 ಚಮಚ ಮೊಸರು ಬೆರೆಸಿ ಮುಚ್ಚಿಡಬೇಕು. ಹಾಲು ತೀರಾ ಬಿಸಿಯಿದ್ದರೆ ಹೆಪ್ಪು ಸತ್ತುಹೋಗುತ್ತದೆ, ತಣ್ಣಗಿದ್ದರೆ ಹಿಡಿಯುವುದಿಲ್ಲ. ಹೆಪ್ಪು ಹೆಚ್ಚಾದರೆ ಬೆಳಗಾಗುವಷ್ಟರಲ್ಲಿ ಹುಳಿ. ಚಳಿಗಾಲದಲ್ಲಿ ಪಾತ್ರೆಗೆ ದಪ್ಪ ಬಟ್ಟೆ ಸುತ್ತಿಡುವುದು ಒಳ್ಳೆಯದು.

ಇದನ್ನು ನೆನಪಿಸಬೇಡಿ. ಮಗು ಮಲಗಿದ ಮೇಲೆ ಸದ್ದಿಲ್ಲದೆ ಎದ್ದು ಹೋಗಿ ನೀವೇ ಹಾಕಲೂಬೇಡಿ. ಮರೆತಿದ್ದರೆ ಸೋಮವಾರ ಬೆಳಿಗ್ಗೆ ಫ್ರಿಜ್ ತೆಗೆದಾಗ ಅದಕ್ಕೇ ಗೊತ್ತಾಗುತ್ತದೆ. ಆವತ್ತು ಡಬ್ಬಿಗೆ ಮೊಸರನ್ನದ ಬದಲು ನಿಂಬೆಹಣ್ಣಿನ ಅನ್ನ ಕಟ್ಟಿ.